ಲಂಗದ ಹುಡುಗಿಗೆ ಉಡಿ ಎಲ್ಲಿ?

ದಾವಣಗೆರೆ
೧೦–೨–೧೯೬೦

ಹರಿಹರಕ್ಕೆ ಹೋಗಿ ನನ್ನನ್ನು ಮರೆತೇಬಿಟ್ಟ ಗುಲ್ಷನ್‌ಗೆ,

ನಿನ್ನ ಗೆಳತಿ ಉಡಚಿಯ ಸಿಟ್ಟೂ ಪ್ರೀತಿಯೂ ಒಟ್ಟಿಗೇ. ನಿಮ್ಮಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು, ಸರಿ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಷ್ಟು ಹತ್ತಿರ ಬಂದಾಗ ನೀನು ಸ್ಕೂಲು ಬಿಟ್ಟು ಮನೆಯಲ್ಲಿ ಕೂತರೆ ಹೆಂಗೆ? ಇಬ್ಬರೂ ಪಾಸಾಗಿ ಟೀಚರ್ ಟ್ರೈನಿಂಗಿಗೆ ಹೋಗೋಣ ಅಂದವಳು ನೀನೇ. ನಿನ್ನ ಜಾಗದಲ್ಲಿ ಈಗ ಹಂಪವ್ವ ಕೂತು ದಿನವೂ ನನ್ನ ತಲೆ ತಿನ್ನುತ್ತಾಳೆ.

ಇಲ್ಲೇನಾಯಿತು ಕೇಳು. ಮೊನ್ನೆ ಶುಕ್ರವಾರ ಬಾತಿ ಊರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗಿ ಒಪ್ಪಿಗೆಯಾದರೆ ಆವತ್ತೇ ಉಡಿ ತುಂಬಿ ಹೋಗುತ್ತೇವೆ ಅಂತ ಮೊದಲೇ ಹೇಳಿ ಕಳಿಸಿದ್ದರು. ಸೆರಗಿಗೆ ಅಕ್ಕಿ, ಕೊಬ್ಬರಿ ಬಿತ್ತೋ, ಮಾತು ಕೊಟ್ಟಂಗೆ. ಆಮೇಲೆ ಪರೀಕ್ಷೆ ಗಿರೀಕ್ಷೆ ಕೇಳೋರು ಯಾರು? ಅವ್ವ ತನ್ನ ಇಳಕಲ್ ಸೀರೆ ತೆಗೆದಿಟ್ಟಿದ್ದಳು. ನಾನು ಸ್ಕೂಲಿನ ಲಂಗ-ಜಂಪರಿನಲ್ಲೇ ಹೋಗಿ ನಿಂತೆ! ಬಂದವರ ಮುಂದೆ ಅವ್ವ ಬೈಯುವಂತಿಲ್ಲ, ಬಿಡುವಂತಿಲ್ಲ.

ಹುಡುಗನ ತಾಯಿ ರಂಗವ್ವ ಬೊಗಸೆ ತುಂಬ ಅಕ್ಕಿ ಹಿಡಿದು ಎದ್ದರು. ಹಾಕೋಕೆ ಸೆರಗೇ ಇಲ್ಲ. ನಮ್ಮ ಸೋದರತ್ತೆ ಟವೆಲ್ಲು ತರಲು ಓಡಿದಳು. ಟವೆಲ್ಲಿನಾಗೆ ಉಡಿ ತುಂಬೋದು ಯಾವ ಊರಾಗೈತ್ರಿ, ಬ್ಯಾಡ, ಹುಡುಗಿ ಸೀರೆ ಉಟ್ಟ ದಿನ ಬರ್ತೀವಿ ಅಂದು ರಂಗವ್ವ ಅಕ್ಕಿಯನ್ನು ಮೊರಕ್ಕೆ ಸುರಿದುಬಿಟ್ಟರು. ಅವರು ಹೋದ ಮೇಲೆ ಅವ್ವ ನನಗೆ ಮಾಡಿದ ಮಂಗಳಾರತಿ ನಿಮ್ಮ ಹರಿಹರಕ್ಕೂ ಕೇಳಿಸಿರಬೇಕು. ಅಪ್ಪ ಮಾತ್ರ, ಪರೀಕ್ಷೆ ಮುಗೀಲಿ ಬಿಡು ಅಂದ. ಆದರೆ ಬರೋ ಶುಕ್ರವಾರಕ್ಕೇ ಅವರನ್ನು ಮತ್ತೆ ಕರೆಸಬೇಕು ಅಂತ ಅವ್ವನ ಹಟ.

ಅದಕ್ಕೇ ನೀನು ಬಾ. ಪರೀಕ್ಷೆ ಮುಗಿಯೋವರೆಗೆ ನಮ್ಮ ಮನೆಯಲ್ಲೇ ಇರು. ನಾಳೆ ಅಪ್ಪನೇ ಈ ಕಾಗದ ತಂದು, ನಿಮ್ಮಪ್ಪ ಜಮಾಲುದ್ದೀನ್ ಕಾಕಾರ ಹತ್ತಿರ ಮಾತಾಡಿ ನಿನ್ನನ್ನು ಕರೆತರುತ್ತಾನೆ. ನೀನು ಪಕ್ಕದಲ್ಲಿ ಓದುತ್ತಾ ಕೂತಿದ್ದರೆ ಅವ್ವ ನನ್ನನ್ನು ಎಬ್ಬಿಸಿ ಸಿಂಗಾರ ಮಾಡೋಕೆ ಹಿಂದೆಮುಂದೆ ನೋಡುತ್ತಾಳೆ. ಇಲ್ಲ ಅನ್ನಬೇಡ. ನನಗೆ ನಿಜಕ್ಕೂ ಭಯವಾಗಿದೆ.

ನಿನ್ನ ದಾರಿ ಕಾಯುವ
ಉಡಚಮ್ಮ

ತಾ.ಕ.: ಹುಡುಗ ಹೆಂಗಿದ್ದ ಅಂತ ನೀನು ಕೇಳೇ ಕೇಳ್ತೀಯ. ಹೆಸರು ಮೈಲಪ್ಪ. ಅವರವ್ವ ಅಕ್ಕಿ ಹಿಡಿದು ನಿಂತಾಗ ಅವನೊಬ್ಬನೇ ತಲೆ ತಗ್ಗಿಸಿ ನಗುತ್ತಿದ್ದ. ಹೊರಡುವಾಗ ಮೆಲ್ಲಗೆ, ಪರೀಕ್ಷೆ ಚೆಂದಾಗಿ ಬರೀರಿ ಅಂದ. ನನಗೆ ‘ರೀ’ ಹಚ್ಚಿ ಮಾತಾಡಿದವನು ಅವನೇ ಮೊದಲು. ಇಷ್ಟವಾದ ಕಣೇ. ನನ್ನ ಭಯ ಅವ್ವನದಲ್ಲ. ಅವನು ಇನ್ನೊಂದು ಸಲ ಬಂದರೆ, ಯಾರೂ ಹೇಳದೆ ನಾನೇ ಸೀರೆ ಉಟ್ಟು ನಿಂತುಬಿಡ್ತೀನೇನೋ. ಬೇಗ ಬಾ.