ಕಪ್ಪಾದ ಅರವತ್ತಮೂರು ಇಸಿಜಿಗಳು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಹೃದ್ರೋಗಿಗಳು ತಮ್ಮ ಇಸಿಜಿ ಕಾಗದದ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಮನೆಯಲ್ಲಿ ಭದ್ರವಾಗಿಡತಕ್ಕದ್ದು ಎಂಬ ನಿಮ್ಮ ಆದೇಶವನ್ನು ರತ್ನಾಗಿರಿ ಕಡೆಯ ನಮ್ಮ ಮೀನುಗಾರರ ಕೇರಿ ಚಾಚೂ ತಪ್ಪದೆ ಪಾಲಿಸಿದೆ. ಫಲವಾಗಿ ಅರವತ್ತಮೂರು ಜನರ ಪಟ್ಟಿಗಳು ಇದ್ದಿಲಿನಂತೆ ಕಪ್ಪಾಗಿವೆ. ಆ ಕಾಗದದ ಮೇಲೆ ಶಾಯಿ ಇರುವುದಿಲ್ಲ. ಯಂತ್ರದ ಬಿಸಿ ತಾಗಿದ ಕಡೆ ಮಾತ್ರ ಅದು ಕಪ್ಪಾಗುತ್ತದೆ. ಲ್ಯಾಮಿನೇಷನ್ ಅಂಗಡಿಯಲ್ಲಿ ಇಡೀ ಕಾಗದಕ್ಕೇ ಬಿಸಿ ತಾಗುತ್ತದೆ. ಇದನ್ನು ತಿಳಿಯಲು ವೈದ್ಯಶಾಸ್ತ್ರ ಬೇಕೆ? ಸಹಿ ಹಾಕುವ ಮುನ್ನ ಒಂದೇ ಒಂದು ಪಟ್ಟಿಯನ್ನು ಅಂಗಡಿಗೆ ಕಳಿಸಿ ನೋಡಿದ್ದರೆ ಸಾಕಾಗುತ್ತಿರಲಿಲ್ಲವೆ?

ನಾನು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ನರ್ಸ್. ಬಲೆ ಹೆಣೆಯುವ ಪದ್ಮಾಕರ ನಾಖವಾ ಅವರ ಮೊದಲ ಇಸಿಜಿಯನ್ನು ಎರಡು ವರ್ಷಗಳ ಹಿಂದೆ ತೆಗೆದವಳು ನಾನೇ. ಕಳೆದ ಏಪ್ರಿಲ್‌ನಲ್ಲಿ ಅವರಿಗೆ ಎದೆನೋವು ಬಂದಾಗ, ಅವರನ್ನೂ ಹೆಂಡತಿ ಚಂಪಾಬಾಯಿಯವರನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಯುವ ವೈದ್ಯರು ಹೊಸ ಪಟ್ಟಿ ನೋಡಿ ಗಂಭೀರರಾದರು.

"ಅಲೆ ಅಗಲವಾಗಿದೆ. ಮೊದಲಿಂದ ಹೀಗೇ ಇತ್ತೋ, ಇವತ್ತು ಆಗಿದ್ದೋ ಗೊತ್ತಾಗ್ಬೇಕು. ಹಳೇದು ತಂದಿದ್ದೀರಾ ಮಾವಶಿ?"

ಚಂಪಾಬಾಯಿ ಬಟ್ಟೆಯ ಗಂಟು ಬಿಚ್ಚಿ ತೆಗೆದುಕೊಟ್ಟರು. ವೈದ್ಯರು ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಏನಿದು?"

"ಇವರ ಎದೇದೇ, ಡಾಕ್ಟ್ರೇ. ಅಂಗಡಿಯವನು 'ಕಪ್ಪಾಗ್ಹೋಯ್ತಲ್ಲ ಕಾಕೂ' ಅಂದ. ನಾನೇ ಬೈದೆ, ಎಕ್ಸ್‌ರೇ ಏನು ಬೆಳ್ಳಗಿರತ್ತೇನೋ ಮುಠ್ಠಾಳ, ಡಾಕ್ಟ್ರು ಬೆಳಕಿಗೆ ಹಿಡಿದ್ರೆ ಎಲ್ಲಾ ಕಾಣತ್ತೆ ಅಂತ. ಹಿಡೀರಿ, ಹಿಡಿದು ನೋಡಿ."

ಅವರು ಹಿಡಿದು ನೋಡಿದರು. ಆ ಸೌಜನ್ಯಕ್ಕೆ ನಾನು ಋಣಿ. ಆಮೇಲೆ ನನ್ನ ಕಡೆ ತಿರುಗಿದರು. "ಸಿಸ್ಟರ್, ನೀವೇ ತೆಗೆದಿದ್ದಲ್ವಾ? ಆಗ ಹೇಗಿತ್ತು?"

ನನಗೆ ಗೊತ್ತಿರಲಿಲ್ಲ. ಸಾವಿರಾರು ಎದೆಗಳಿಗೆ ತಂತಿ ಹಚ್ಚಿದ್ದೇನೆ. ಓದುವುದನ್ನು ಇಲಾಖೆ ಕಲಿಸಲಿಲ್ಲ, ನಾನಾಗಿ ಕೇಳಲೂ ಇಲ್ಲ. ನಮ್ಮ ರಿಜಿಸ್ಟರಿನಲ್ಲಿ "ಇಸಿಜಿ ತೆಗೆಯಲಾಗಿದೆ" ಎಂದಷ್ಟೇ ಇದೆ.

ಹಳೆಯದು ಇಲ್ಲವಾದ್ದರಿಂದ ಬದಲಾವಣೆ ಹೊಸದು, ಅಂದರೆ ಹೃದಯಾಘಾತವೆಂದೇ ಭಾವಿಸಿ, ರಕ್ತದ ಹೆಪ್ಪು ಕರಗಿಸುವ ಔಷಧ ಕೊಟ್ಟರು. ಆ ಗಳಿಗೆಯಲ್ಲಿ ಕಾಯುತ್ತ ಕೂರುವುದೂ ಅಪಾಯವೇ. ಅವರನ್ನು ನಾನು ದೂರುವುದಿಲ್ಲ. ಸಂಜೆಯ ಹೊತ್ತಿಗೆ ಆ ಔಷಧದಿಂದಲೇ ಪದ್ಮಾಕರ ಅವರ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಮೂರು ವಾರಗಳ ನಂತರ, ವರ್ಗವಾಗಿ ಹೋಗಿದ್ದ ನಮ್ಮ ಹಿಂದಿನ ವೈದ್ಯರ ಫೋನಿನಲ್ಲಿ ಹಳೆಯ ಪಟ್ಟಿಯ ಫೋಟೊ ಸಿಕ್ಕಿತು. ಎರಡು ವರ್ಷಗಳ ಹಿಂದೆಯೂ ಅದೇ ಅಲೆ, ಅಷ್ಟೇ ಅಗಲ. ಪದ್ಮಾಕರ ಅವರ ಬಲಗೈ ಈಗ ಏಳುವುದಿಲ್ಲ. ಹೆಂಡತಿಯ ಹೆಸರು ಹೇಳಲೂ ಬರುವುದಿಲ್ಲ.

ಆ ಫೋಟೊ ಇಟ್ಟುಕೊಂಡೇ ನಾನು ಓದಲು ಕಲಿತೆ. ಕಾಗದದ ಒಂದು ಸಣ್ಣ ಚೌಕವೆಂದರೆ ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು. ಎತ್ತರದ ಅಲೆ ಮೂರು ಸಣ್ಣ ಚೌಕದೊಳಗೆ ಮುಗಿಯಬೇಕು. ಪದ್ಮಾಕರ ಅವರದು ನಾಲ್ಕು ಚೌಕ. ನಾಲ್ಕರವರೆಗೆ ಎಣಿಸಲು ಬಾರದವರನ್ನು ನೀವು ನೌಕರಿಗೆ ತೆಗೆದುಕೊಂಡಿಲ್ಲ ಎಂದು ನಂಬಿದ್ದೇನೆ. ರೋಗ ನಿರ್ಣಯ ವೈದ್ಯರದೇ ಇರಲಿ. "ಅಗಲ ನಾಲ್ಕು ಚೌಕ" ಎಂಬ ಮೂರು ಪದ ನಮ್ಮ ರಿಜಿಸ್ಟರಿನಲ್ಲಿದ್ದಿದ್ದರೆ ಆ ವೈದ್ಯರು ಇನ್ನೊಮ್ಮೆ ಯೋಚಿಸುತ್ತಿದ್ದರು.

ನಿಮ್ಮ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು ಕೇಳಿದರು: "ಲ್ಯಾಮಿನೇಟ್ ಮಾಡಿಸಿ ಅಂತ ಆದೇಶ ಇದೆ ಸಿಸ್ಟರ್. ಆಮೇಲೆ ಅದು ಕಾಣಿಸ್ಬೇಕು ಅಂತ ಎಲ್ಲಿ ಬರೆದಿದೆ, ತೋರ್ಸಿ?" ಆದೇಶವನ್ನು ಇಷ್ಟು ನಿಖರವಾಗಿ ಓದಿದವರನ್ನು ನಾನು ಕಂಡಿಲ್ಲ.

ಆ ಅರವತ್ತಮೂರರಲ್ಲಿ ನಲವತ್ತೊಂದು ಮಂದಿ, ಮೀನುಗಾರಿಕೆ ನಿಷೇಧ ಮುಗಿಯುತ್ತಲೇ ಆಗಸ್ಟ್ ಒಂದಕ್ಕೆ ಸಮುದ್ರಕ್ಕಿಳಿಯುತ್ತಾರೆ. ಅಷ್ಟರೊಳಗೆ ಎಲ್ಲರ ಇಸಿಜಿ ಮತ್ತೆ ತೆಗೆಸಿ, ಜೆರಾಕ್ಸ್ ಮಾಡಿಸಿ ಕೊಡಿ. ಜಿಲ್ಲೆಯ ನರ್ಸುಗಳಿಗೆ ಎರಡು ದಿನ ಚೌಕ ಎಣಿಸುವುದನ್ನು ಕಲಿಸಿ. ಆದೇಶವನ್ನು ಲಿಖಿತವಾಗಿ ಹಿಂಪಡೆಯಿರಿ. ಹಾಗೆ ಹಿಂಪಡೆದ ಪತ್ರದ ಒಂದು ಪ್ರತಿಯನ್ನು ಚಂಪಾಬಾಯಿಯವರ ಕೈಗೇ ತಲುಪಿಸಿ, ತಪ್ಪು ಇಲಾಖೆಯದು ಎಂಬ ಸಾಲು ಅದರಲ್ಲಿರಲಿ. ಗಂಡನ ಈ ಗತಿಗೆ ತಾನೇ ಕಾರಣವೆಂದು ಅವರು ಕೊರಗುತ್ತಿದ್ದಾರೆ. ನನ್ನ ಬಾಯಿಮಾತನ್ನು ನಂಬುವುದಿಲ್ಲ. ಸರ್ಕಾರದ ಮುದ್ರೆಯಿರುವ ಕಾಗದವನ್ನು ನಂಬುತ್ತಾರೆ. ಮೊದಲ ಸಲ ನಂಬಿದ್ದೂ ಅದನ್ನೇ.

ಇಂತಿ,
ಓದಲು ಎರಡು ವರ್ಷ ತಡವಾಗಿ ಕಲಿತ, ನಿಮ್ಮದೇ ಇಲಾಖೆಯ ನರ್ಸ್
ಸುಲಭಾ ಪಾಟೇಕರ್