ಸುಷ್ಮಿತಾ ನೋಡದ ಲಗ್ನ

ಜೂನ್ 9, ಸಂಜೆ

ಕಪನೂರಿನ ದಾಲ್‌ಮಿಲ್ಲಿಗೆ ಅರ್ಧ ರಜೆ. ದತ್ತಕದ ಕೆಲಸಕ್ಕೆ ಮತ್ತೆ ಮಕ್ಕಳ ರಕ್ಷಣಾ ಘಟಕ. ಮತ್ತೆ ಒಂದು ಕಾಗದ ಕಡಿಮೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೆಂಡತಿ ರಾಜೇಶ್ರೀಯ ಮೊದಲ ಗಂಡನ ಮರಣ ಪ್ರಮಾಣಪತ್ರ ಸರಿ ಇದೆಯಂತೆ. ಅವರ ಮಗಳು ಸುಷ್ಮಿತಾಳ ಜನನ ಪ್ರಮಾಣಪತ್ರವೂ ಸರಿ. ನಮ್ಮಿಬ್ಬರ ಲಗ್ನದ್ದೇ ಏನೂ ಇಲ್ಲ.

"ಒಂದ್ ಫೋಟೋನೂ ಇಲ್ಲೇನ್ರಿ? ಮೊದಲಿಗೆ ನಿಮ್ಮ ಲಗ್ನ ರಿಜಿಸ್ಟರ್ ಮಾಡಿಸ್ರಿ," ಎಂದರು ಘಟಕದ ಮೇಡಂ.

ಉಡಕಿ ಲಗ್ನಕ್ಕೆ ಯಾರು ಫೋಟೋ ತೆಗೆಸುತ್ತಾರೆ! ಗಂಡ ಸತ್ತವಳಿಗೆ ಮತ್ತೆ ಲಗ್ನ... ಸಣ್ಣ ದೀಪ, ನಾಲ್ಕು ಮಂದಿ ಹಿರಿಯರು, ಮುಗೀತು. ತಾಯಿಯ ಉಡಕಿ ಹೆತ್ತ ಮಕ್ಕಳು ನೋಡಬಾರದೆಂದು ಸುಷ್ಮಿತಾಳನ್ನು ಕಮಲಾಪುರಕ್ಕೆ, ಅವಳ ತೀರಿಹೋದ ಅಪ್ಪನ ತಾಯಿ ಮಾಳಮ್ಮನ ಹತ್ತಿರ ಕಳಿಸಿದ್ದೆವು. ವಾಪಸ್ ಬಂದಾಗ ಮನೆಯಲ್ಲಿ ನಾನಿದ್ದೆ.

ಹೊರಡುವಾಗ ಮೇಡಂ ಇನ್ನೊಂದು ಹೇಳಿದರು. "ಐದು ವರ್ಷ ದಾಟಿದ ಕೂಸಿನ ಒಪ್ಪಿಗಿನೂ ಬೇಕ್ರಿ. ನಾ ಆಕಿ ಒಬ್ಬಾಕಿನ್ನೇ ಕೂಡಿಸಿ ಕೇಳ್ತೀನಿ. ಒಲ್ಲೆ ಅಂದ್ರ ದತ್ತಕ ಆಗಂಗಿಲ್ಲ."

ಒಂಬತ್ತು ವರ್ಷದವಳು. ನನ್ನನ್ನು ಕಾಕಾ ಅನ್ನುತ್ತಾಳೆ. ಒಲ್ಲೆ ಅಂದರೆ?

ಜೂನ್ 10

ನಿದ್ದೆ ಇಲ್ಲ. ಹೋದ ವರ್ಷ ಅವಳಿಗೆ ಡೆಂಗಿ. ನಾನೇ ಎತ್ತಿಕೊಂಡು ಓಡಿದೆ. ದವಾಖಾನೆಯಲ್ಲಿ ಸಹಿ ಮಾಡಲು ಪೆನ್ನು ಹಿಡಿದರೆ, "ನೀವು ಕೂಸಿಗೆ ಏನಾಗ್ಬೇಕ್ರಿ?" ಅಂದರು. ಪೆನ್ನು ಕೆಳಗಿಟ್ಟೆ. ಅವತ್ತೇ ನಿಶ್ಚಯ ಮಾಡಿದ್ದು, ದತ್ತಕ ತಗೊಳ್ಳಬೇಕೆಂದು.

ಜೂನ್ 15, ಭಾನುವಾರ

ರಿಜಿಸ್ಟರಿಗೆ ಬೇಕೆಂದು ಸ್ಟುಡಿಯೋದಲ್ಲಿ ಹಾರ ಹಾಕಿಕೊಂಡು ಜೋಡಿ ಫೋಟೋ. ಜೊತೆಗೆ ಬಂದಿದ್ದ ಮಿಲ್ಲಿನ ಮೈಬೂಬನಿಗೆ ನಗುವೋ ನಗು. "ಎರಡು ವರ್ಷದ ಮ್ಯಾಲ ಮದುಮಗ ಆದ್ಯಲ್ಲೋ ಆನಂದ್ಯಾ!"

ಮಾಳಮ್ಮ ಮೊನ್ನೆಯೇ ಫೋನ್ ಮಾಡಿದ್ದಳು. "ತಾಯಿ ಕೊಳ್ಳಾಗ ಹಾರ ಬೀಳೂದು ಕೂಸು ನೋಡಬಾರ್ದೋ ಯಪ್ಪಾ. ನನ್ನ ಕಡಿ ಬಿಡ್ರಿ." ನಾನೂ ಹೂಂ ಅಂದೆ. ಹಿರಿಯರ ಮಾತು, ಯಾಕೆ ಮೀರಬೇಕು ಎಂದು.

ಜೂನ್ 16

ಸುಷ್ಮಿತಾ ಕಮಲಾಪುರದಿಂದ ಬಂದಳು. ಟಿವಿ ಮೇಲಿದ್ದ ಫೋಟೋ ನೋಡಿದಳು.

"ನಾ ಎಲ್ಲಿದೀನಿ ಇದ್ರಾಗ?"

ರಾಜೇಶ್ರೀ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಮತ್ತ ಕಳಿಸಿ ಬಿಟ್ರಿ ನನ್ನ!" ಅಂದಳು. ಊಟ ಮಾಡದೆ ಮಲಗಿದಳು. ಥೂ, ನನ್ನ ಬುದ್ಧಿಗಿಷ್ಟು.

ಜೂನ್ 24

ಸುಷ್ಮಿತಾ ಮುನಿಸು ಬಿಟ್ಟಿಲ್ಲ. ಈಗ ಕಾಕಾ ಅಂತಲೂ ಕರೆಯುತ್ತಿಲ್ಲ.

ಜುಲೈ 4

ಮೇಡಂ ಮನೆಗೇ ಬಂದರು. ಒಳಗೆ ಅವರು, ಸುಷ್ಮಿತಾ. ಹೊರಗೆ ಕಟ್ಟೆ ಮೇಲೆ ನಾವು. ರಾಜೇಶ್ರೀ ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿದಳು.

ಮೇಡಂ ಹೊರಗೆ ಬಂದರು. "ಒಲ್ಲೆ ಅಂದಿಲ್ರಿ. ಹೂಂನೂ ಅಂದಿಲ್ಲ. 'ಇವರ ಲಗ್ನ ನಾ ನೋಡೇ ಇಲ್ಲ. ನೋಡಿದ ಮ್ಯಾಲ ಹೇಳ್ತೀನಿ' ಅಂತಾಳ. ಹದಿನೈದಕ್ಕ ಮತ್ತ ಬರ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಿಜಿಸ್ಟರ್ ಆಫೀಸಿನ ದಿನ ಹದಿನಾಲ್ಕಕ್ಕಿದೆ. ಅಲ್ಲಿಗೆ ಅವಳನ್ನೂ ಕರೆದೊಯ್ಯಬೇಕು. ಮಾಳಮ್ಮ ಏನಂದಾಳೋ...

ಜುಲೈ 6, ಕಮಲಾಪುರ

ಮಾಳಮ್ಮ ಒಪ್ಪಲಿಲ್ಲ. "ಕೂಸಿಗೆ ಕೇಡು ಆದ್ರ ಯಾರ್ ಹೊಣಿ?"

ಸಿಟ್ಟು ಬಂತು. ಎಂದೂ ಎದುರಾಡದವನು ಆಡಿಬಿಟ್ಟೆ. "ಅಪ್ಪಗ ಮಣ್ಣ ಕೊಟ್ಟಿದ್ದು ನೋಡ್ಯಾಳ ಆಕಿ. ಅವ್ವನ ಕೊಳ್ಳಾಗ ಹಾರ ನೋಡಬಾರ್ದೇನ್ ಯವ್ವಾ?"

ಮುದುಕಿಗೆ ಮಗನ ನೆನಪಾಗಿರಬೇಕು. ಕಣ್ಣು ಒರೆಸಿಕೊಂಡು, "ರೊಟ್ಟಿ ಉಂಡು ಹೋಗು," ಅಂದಳು. ಹೂಂ ಅನ್ನಲಿಲ್ಲ.

ಜುಲೈ 14, ಸಂಜೆ

ಮೊದಲ ಬಸ್ಸಿಗೇ ಬಂದಿಳಿದಳು ಮಾಳಮ್ಮ! ಸೆರಗಿನಲ್ಲಿ ಅರಿಶಿನದ ಅಕ್ಕಿ. ಅರ್ಧ ಮೊಮ್ಮಗಳ ಕೈಗೆ ಸುರಿದಳು. ರಿಜಿಸ್ಟರ್ ಆಫೀಸಿನಲ್ಲಿ ನಾವು ಸಹಿ ಮಾಡಿದ್ದೇ ತಡ, ಸುಷ್ಮಿತಾ ಎರಡೂ ಕೈಯಿಂದ ಎರಚಿದಳು — ನಮ್ಮ ಮೇಲೆ, ಕ್ಲರ್ಕಿನ ಕಂಪ್ಯೂಟರಿನ ಮೇಲೆ. ಅವನ ಬೈಗುಳವೂ ಇವತ್ತು ಸಿಹಿ. ಹೊರಗೆ ನಾಲ್ವರೂ ನಿಂತು ಫೋಟೋ. ನಡುವೆ ಅವಳು. ಬರುವಾಗಲೇ ಅದಕ್ಕೆ ಚೌಕಟ್ಟೂ ಹಾಕಿಸಿದೆ.

ನಾಳೆ ಮೇಡಂ ಬರುತ್ತಾರೆ. ಏನು ಹೇಳುತ್ತೀಯಮ್ಮಾ ಎಂದು ಕೇಳಲು ಧೈರ್ಯವಿಲ್ಲ.

ಸುಷ್ಮಿತಾ ಟ್ರಂಕಿನಿಂದ ತನ್ನ ಅಪ್ಪನ ಫೋಟೋ ತೆಗೆದಿದ್ದಾಳೆ. ನಾನು ಈ ಮನೆಗೆ ಬಂದಾಗ ಗೋಡೆಯಿಂದ ಇಳಿಸಿದ್ದರು. ಫ್ರಾಕಿನಿಂದ ಗಾಜು ಒರೆಸಿ, ಇವತ್ತಿನ ಫೋಟೋದ ಪಕ್ಕ ಹಿಡಿದು ನೋಡುತ್ತಿದ್ದಾಳೆ.

"ಕಾಕಾ, ಎರಡು ಮೊಳಿ ತಗೊಂಡ್ ಬಾ. ಬಾಜೂ ಬಾಜೂ ಹೊಡಿಬೇಕು. ನಂಗ ನಿಲುಕಂಗಿಲ್ಲ, ಎತ್ಕೋ ಬಾ..."

ಸುತ್ತಿಗೆ ಎಲ್ಲಿಟ್ಟೆನೋ. ಕಣ್ಣೂ ಸರಿಯಾಗಿ ಕಾಣುತ್ತಿಲ್ಲ.