ಬಾಗಿದ ರಕ್ತಕಣದ ಪರವಾಗಿ

ಚಾಮರಾಜನಗರ
ಇಸವಿ ಎರಡು ಸಾವಿರದ ನೂರ ಎಂಬತ್ತೇಳು, ಹದಿಮೂರನೆಯ ತಿಂಗಳು, ನಾಲ್ಕನೆಯ ತಾರೀಕು

ನಮಗಿಂತ ಬಹಳ ಹಿಂದೆ ಬಯೋಮೆಡಿಕಲ್ ಸೈನ್ಸ್ ಓದುತ್ತಿರುವ ತಂಗಿಯರೇ, ತಮ್ಮಂದಿರೇ,

ತಾರೀಕು ನೋಡಿ ತಬ್ಬಿಬ್ಬಾಗಬೇಡಿ. ನಮ್ಮ ವರ್ಷ ಮುಂಗಾರಿನಿಂದ ಶುರುವಾಗುತ್ತದೆ. ಕೊನೆಯ ಉರಿಬಿಸಿಲಿಗೆಂದು ಒಂದು ತಿಂಗಳನ್ನು ಹೊಸದಾಗಿ ಸೇರಿಸಿಕೊಂಡು ‘ನೆರಳುತಿಂಗಳು’ ಎಂದು ಕರೆಯುತ್ತೇವೆ. ಆಗ ಯಾರೂ ಬಯಲಿನಲ್ಲಿ ದುಡಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ಹೇಳುವ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಕೇತಮ್ಮ. ಹುಟ್ಟಿದ್ದು ಬೆಟ್ಟದ ಕಾಡಂಚಿನ ಪೋಡಿನಲ್ಲಿ, ಅಂದರೆ ನಮ್ಮವರ ಹಾಡಿಯಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನಿಮ್ಮ ವಿಷಯವನ್ನೇ ಓದಿ, ಈಗ ಅಲ್ಲೇ ಪಾಠ ಹೇಳುತ್ತೇನೆ. ನಾವು ಓದುತ್ತಿದ್ದಾಗ ತರಗತಿಗಳು ಸೂರ್ಯ ಹುಟ್ಟುವ ಮೊದಲೇ ಮುಗಿಯುತ್ತಿದ್ದವು. ಹೊತ್ತೇರಿದ ಮೇಲೆ ನೆಲಮಾಳಿಗೆಯ ಲ್ಯಾಬಿಗೆ ಇಳಿಯುತ್ತಿದ್ದೆವು. ಮೈಮೇಲೆ ‘ತಣ್ಣಂಗಿ’, ಎಂದರೆ ನೂಲಿನೊಳಗೇ ನೀರು ಹರಿಯುವ ನಿಲುವಂಗಿ. ಮೇಜಿನ ಮೇಲೆ ‘ನೋಡುಗ’ ಎಂಬ ಯಂತ್ರ. ರಕ್ತದ ಹನಿ ತೋರಿಸಿದರೆ ರೋಗದ ಹೆಸರು ಹೇಳುತ್ತಿತ್ತು. ಕಲಿಯುವವರ ಕಣ್ಣು ಪಳಗಲಿ ಎಂದು ನಿಮ್ಮ ಕಾಲದಂಥ ಗಾಜಿನ ಮೈಕ್ರೋಸ್ಕೋಪುಗಳನ್ನೂ ಉಳಿಸಿಕೊಂಡಿದ್ದರು. ಹಾಸ್ಟೆಲಿನ ಗೋಡೆಗಳ ಮೇಲೆ ಸೊಪ್ಪು ಬೆಳೆಯುತ್ತಿತ್ತು. ಊಟ ಮಾತ್ರ ನೀವು ಉಂಡದ್ದೇ, ಮುದ್ದೆ, ಉಪ್ಪೆಸರು. ತಟ್ಟೆಯಲ್ಲಿ ಬೆಳೆಸಿದ ಹೃದಯದ ಕೋಶಗಳು ತಮ್ಮಷ್ಟಕ್ಕೆ ಮಿಡಿಯುವುದನ್ನು ಮೊದಲ ಸಲ ಕಂಡಾಗ ನಾನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೇ ಇಲ್ಲ. ಹಿಂದೆ ನಿಂತಿದ್ದ ಗೆಳತಿ ಅರ್ಪುತಮೇರಿ ನನ್ನನ್ನು ಎಳೆದು ಪಕ್ಕಕ್ಕೆ ಸರಿಸಬೇಕಾಯಿತು.

ನಾನು ಈ ಓದಿಗೆ ಬಂದದ್ದು ಅವ್ವನ ಸಲುವಾಗಿ. ಅವ್ವ ಮಾದಮ್ಮನಿಗೆ ಸಿಕಲ್ ಸೆಲ್ ಕಾಯಿಲೆ. ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಏಳುವ ನೋವಿಗೆ ಅವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗುತ್ತಿದ್ದಳು. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರೆ ಕಾಯಿಲೆ. ನನಗೆ ಬಂದದ್ದು ಅವ್ವನಿಂದ ಮಾತ್ರ. ನಾನು ಆರೋಗ್ಯವಾಗಿದ್ದೆ, ಈಗಲೂ ಇದ್ದೇನೆ.

ರಕ್ತಶಾಸ್ತ್ರದ ಪ್ರಾಕ್ಟಿಕಲ್ ನಡೆಯುತ್ತಿತ್ತು. ಪ್ರೊಫೆಸರ್ ಇಂದುಶೇಖರ್ ಬಾಗಿದ ಕಣವನ್ನು ಪರದೆಯ ಮೇಲೆ ತೋರಿಸಿ, “ಚೆನ್ನಾಗಿ ನೋಡ್ಕೊಳ್ಳಿ. ನಿಮ್ಮ ಮಕ್ಕಳ ಕಾಲಕ್ಕೆ ಇದು ಇರಲ್ಲ. ಪ್ರಕೃತಿ ಮಾಡಿದ ಕಾಗುಣಿತದ ತಪ್ಪು ಇದು” ಎಂದರು. ಎಲ್ಲರೂ ನಕ್ಕರು. ಸೂಜಿ ತೆಗೆದು ಬೆರಳು ಚುಚ್ಚಿಕೊಂಡೆ. ಗಾಜಿನ ಮೇಲೆ ಹನಿ ಇಟ್ಟು, ಆಮ್ಲಜನಕ ಹೀರುವ ದ್ರಾವಣ ಬೆರೆಸಿ, ಮೇಲೆ ತೆಳುಗಾಜು ಮುಚ್ಚಿ ಕಾದೆ. ದುಂಡಗಿದ್ದ ಕಣಗಳು ಒಂದೊಂದಾಗಿ ಬಾಗಿದವು.

“ಸಾರ್, ಬಂದ್ ನೋಡಿ” ಎಂದೆ. “ಇದು ನಂದು. ನಾನು ತಪ್ಪಾ ಸಾರ್? ಮಲೇರಿಯಾದಲ್ಲಿ ಊರೂರೇ ಮಲಗಿದ್ದಾಗ ನಮ್ಮ ಅಜ್ಜ ಅಜ್ಜಿಯರ್ನ ಕಾಪಾಡಿದ್ದು ಇದೇ ಗುಣ ಅಲ್ವಾ? ಅದನ್ನೂ ಹೇಳಿ.”

ಅವರು ಕೆಟ್ಟವರಲ್ಲ. ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಮೇಲೆ ಮುಂದಿನ ಚಿತ್ರ ಹಾಕಿ ಪಾಠ ಮುಂದುವರಿಸಿದರು.

ಎರಡನೆಯ ವರ್ಷಕ್ಕೆ ಹೊಸ ನಿಯಮ ಬಂತು. ಇಂಥ ಗುಣ ಹೊತ್ತವರೇ ಇಲ್ಲದ ‘ಶುದ್ಧ ಜಿಲ್ಲೆ’ ಎಂದು ನಮ್ಮ ಜಿಲ್ಲೆಯನ್ನು ಸರ್ಕಾರ ಸಾರಬೇಕಿತ್ತು. ಹುಟ್ಟುಗುಣವನ್ನು ಮೂಳೆಮಜ್ಜೆಯಲ್ಲೇ ಬದಲಿಸುವ ‘ತಿದ್ದುಮದ್ದು’ ಆಗ ಬಂದಿತ್ತು. ನನ್ನಂಥ ಗುಣ ಹೊತ್ತ ವಿದ್ಯಾರ್ಥಿಗಳು ಅದನ್ನು ಹಾಕಿಸಿಕೊಳ್ಳದೆ ಪ್ರಾಕ್ಟಿಕಲಿಗೆ ಕೂರುವಂತಿಲ್ಲ. ಕಾಯಿಲೆ ಬಿದ್ದವರಿಗೂ ಅದೇ ಮದ್ದು, ಪ್ರಮಾಣ ಮಾತ್ರ ಹೆಚ್ಚು. ಒಬ್ಬ ರೋಗಿಗೆ ಕೊಡುವುದರಲ್ಲಿ ನಮ್ಮಂಥ ಹಲವರನ್ನು ‘ತಿದ್ದಬಹುದು’. ತಿದ್ದಿದವರ ಲೆಕ್ಕ ಬೇಗ ಏರುವುದು ಹಾಗೆಯೇ. ಆದ್ದರಿಂದ ಗಟ್ಟಿಮುಟ್ಟಾದ ನಮಗೆ ಮೊದಲು ಮದ್ದು, ನರಳುವ ಅವ್ವನಂಥವರಿಗೆ ಆಮೇಲೆ. ಅವರು ಕಾಯುತ್ತಾ ವರ್ಷಗಳೇ ಆಗಿದ್ದವು.

ನನ್ನನ್ನು ಸಮಿತಿಯ ಮುಂದೆ ಕರೆದರು. ಹಾಕಿಸಿಕೊಳ್ಳುವುದಿಲ್ಲ ಎಂದೆ. ಮದ್ದಿಗೆ ವಿರೋಧವೇ ಎಂದು ಕೇಳಿದರು. “ವಿರೋಧ ಇದ್ದಿದ್ರೆ ಇಲ್ಲಿಗ್ ಓದಕ್ಕೇ ಬರ್ತಿರ್ಲಿಲ್ಲ. ನೋವಿರೋರಿಗೆ ಕೊಡಿ. ನನ್ಗೆ ಏನೂ ಆಗಿಲ್ಲ” ಎಂದೆ. ಲ್ಯಾಬಿನ ಬಾಗಿಲು ನನಗೆ ಮುಚ್ಚಿತು.

ನಾನು ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು ಓದತೊಡಗಿದೆ. ಕೆಲವು ದಿನ ಒಬ್ಬಳೇ. ಹಾದುಹೋಗುವವರು ಮುಖ ತಿರುಗಿಸುತ್ತಿದ್ದರು. ಒಂದು ಮುಂಜಾನೆ ಅರ್ಪುತಮೇರಿ ತಣ್ಣಂಗಿ ಕಳಚಿ ಕೈಯಲ್ಲಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅವಳದು ಬೇರೆ ಗುಣ, ಅವಳ ಹೆಸರೂ ತಿದ್ದಬೇಕಾದವರ ಪಟ್ಟಿಯಲ್ಲಿತ್ತು, ಸರದಿ ಮಾತ್ರ ಇನ್ನೂ ಬಂದಿರಲಿಲ್ಲ. “ಒಳಗ್ ನಿನ್ ಜಾಗ ಖಾಲಿ ಇದ್ರ ನನ್ಗ ಕೈ ಓಡದಿಲ್ಲ ಕಣೇ” ಎಂದಳು. ಆಮೇಲೆ ಇನ್ನಷ್ಟು ಜನ ಬಂದರು. ಪಟ್ಟಿಯಲ್ಲಿ ಇಲ್ಲದವರೂ ಬಂದರು. ಲ್ಯಾಬು ಬಣಗುಟ್ಟಿತು.

ನಮಗೆಂದು ತರಿಸಿದ ಮದ್ದು ಶೈತ್ಯಪೆಟ್ಟಿಗೆಯಲ್ಲಿ ಕೆಡುವುದರಲ್ಲಿತ್ತು. ಜಿಲ್ಲಾಸ್ಪತ್ರೆಯ ಹಿರಿಯ ವೈದ್ಯೆ ಯಾರ ಅಪ್ಪಣೆಗೂ ಕಾಯದೆ ಅದನ್ನು ಅವ್ವ ಮಲಗಿದ್ದ ವಾರ್ಡಿಗೆ ತರಿಸಿಕೊಂಡರು. ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ಅವಳು ಪಕ್ಕದ ಹಾಸಿಗೆಯ ಪುಟ್ಟ ಹುಡುಗಿಯನ್ನು ತೋರಿಸಿದಳು.

“ನನ್ಗಿಂತ ಮೊದ್ಲು ಅವ್ಳು ಬಂದವ್ಳ ಮಗ. ಅವ್ಳ್ಗ ಕೊಡ್ಲಿ.”

“ಅವ್ವ, ನಿನ್ಗೇ ಅಂತ ನಾನು ಇಷ್ಟೆಲ್ಲ...”

“ನನ್ಗೇ ಅಂತ ಮಾಡಿದ್ರ ಆ ಸಮಿತಿಯವ್ರ್ಗೂ ನಿನ್ಗೂ ಏನ್ ವ್ಯತ್ಯಾಸ ಬಂತು? ಸರದಿ ತಪ್ಪಿಸ್ಬ್ಯಾಡ, ಸುಮ್ನಿರು.”

ಆ ಸಲದ ಮದ್ದು ಅವ್ವನ ತನಕ ಬರಲಿಲ್ಲ. ಮರುವರ್ಷ ಬಂತು. ಅಷ್ಟರಲ್ಲಿ ರಕ್ತ ಸಾಲದೆ ಸೊಂಟದ ಕೀಲು ಸವೆದುಹೋಗಿತ್ತು. ನೋವಿನ ಹೊಡೆತಗಳು ನಿಂತವು, ಕೋಲು ಬಿಡಲಾಗಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ. ನಿಯಮವನ್ನು ಅವರು ರದ್ದು ಮಾಡಲಿಲ್ಲ, ಮದ್ದು ಹಾಕಿಸಿಕೊಂಡಿರಾ ಎಂದು ಕೇಳುವುದನ್ನು ನಿಲ್ಲಿಸಿದರು. ನಾನು ಒಂದು ವರ್ಷ ಕಳೆದುಕೊಂಡು ಪಾಸಾದೆ. ಪದವಿ ಕೊಡುವಾಗ ಇಂದುಶೇಖರ್ ನನ್ನ ಕೈ ಹಿಡಿದು, “ಆವತ್ತು ನಾನು ಉತ್ತರ ಹೇಳ್ಬೇಕಿತ್ತಮ್ಮ” ಎಂದರು. ಹೌದು ಸಾರ್, ಹೇಳಬೇಕಿತ್ತು ಎಂದೆ.

ನಿಮಗೆ ಇದನ್ನು ಈಗ ಬರೆಯಲು ಕಾರಣವಿದೆ. ಈ ನೆರಳುತಿಂಗಳಲ್ಲಿ ಆ ನಿಯಮಕ್ಕೆ ಮತ್ತೆ ಜೀವ ಬಂದಿದೆ, ಈ ಸಲ ಪಾಠ ಹೇಳುವವರಿಗೂ. ಅದರ ಬೇರು ನಿಮ್ಮ ಕಾಲದಲ್ಲಿದೆ. ಇಂದು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ‘ದೋಷ’, ‘ಕೊರತೆ’, ‘ಅಸಹಜ’ ಎಂಬ ಪದಗಳನ್ನು ನಾಳೆ ಯಾರೋ ಕಾನೂನಿಗೆ ಎತ್ತಿಕೊಳ್ಳುತ್ತಾರೆ. ಬರೆಯುವ ಮುನ್ನ ಕೈ ಎತ್ತಿ ಕೇಳಿ: ಯಾರ ಮೈಯನ್ನು ಅಳತೆಗೋಲು ಮಾಡಿಕೊಂಡು ಈ ಮಾತು? ನಗುವವರು ನಗಲಿ. ರೋಗವನ್ನು ಕಲಿಯಿರಿ, ಮದ್ದನ್ನು ಕಂಡುಹಿಡಿಯಿರಿ, ಆದರೆ ಮನುಷ್ಯರನ್ನು ಅಳಿಸುವ ಕೆಲಸಕ್ಕೆ ನಿಮ್ಮ ಕೈ ಕೊಡಬೇಡಿ.

ಮದ್ದು ಹಾಕಿಸಿಕೊಳ್ಳಲು ವಿಶ್ವವಿದ್ಯಾಲಯ ನನ್ನ ಒಪ್ಪಿಗೆ ಕೇಳಿದೆ. ಇಲ್ಲ ಎಂದು ಹೇಳಿಕಳಿಸಿದ್ದೇನೆ. ಮುಂಗಾರು ಶುರುವಾದ ದಿನವೇ ತರಗತಿ. ಬಾಗಿಲು ಹಾಕಿದ್ದರೂ ಪಾಠ ನಡೆಯುತ್ತದೆ.

ಬರುತ್ತೇನೆ.

ಮಾದಮ್ಮನ ಮಗಳು
ಕೇತಮ್ಮ